ಗುಂಡಿಯಿಂದ ಕೋಟೆಗೆ: ಬೋಡ್ರುಮ್ ಊರನ್ನು ನಾವು ನೋಡಿದ ಕ್ರಮ

ಟರ್ಕಿಯ ನೈಋತ್ಯ ಕರಾವಳಿಯಲ್ಲಿರುವ ಬೋಡ್ರುಮ್‌ಗೆ ಹೋಗಿಬಂದವರನ್ನು ಅಲ್ಲಿಯ ಮಸೋಲಿಯಮ್ ಹೇಗಿತ್ತೆಂದು ಕೇಳಿದರೆ, ಒಂದು ಗುಂಡಿ ಮತ್ತು ನಾಲ್ಕು ಕಲ್ಲುಗಳ ಹೊರತು ಅಲ್ಲೇನೂ ಇಲ್ಲ ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಆ ಮಾತು ಸುಳ್ಳೇನಲ್ಲ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆಂದು ಹೆಸರಾದ ಸಮಾಧಿ ನಿಂತಿದ್ದ ನಿವೇಶನದಲ್ಲಿ ಇಂದು ಕಾಣುವುದು ಬಂಡೆಯಲ್ಲಿ ಕೊರೆದ ದೊಡ್ಡ ಆಯತಾಕಾರದ ಹೊಂಡ ಮತ್ತು ಅದರ ಸುತ್ತ ಬಿದ್ದಿರುವ ಕಂಬದ ತುಂಡುಗಳು ಮಾತ್ರ. ಆದರೆ ಆ ಕಟ್ಟಡ ಮಾಯವಾಗಿಲ್ಲ, ಜಾಗ ಬದಲಾಯಿಸಿದೆ. ಅದರ ಕಲ್ಲುಗಳಲ್ಲಿ ಬಹುಪಾಲು ಕಾಲು ಗಂಟೆಯ ನಡಿಗೆಯೊಳಗಿನ ಸಮುದ್ರಕೋಟೆಯ ಗೋಡೆಗಳಿಗೆ ಸೇರಿದವು, ಶಿಲ್ಪಗಳಲ್ಲಿ ಮುಖ್ಯವಾದವು ಲಂಡನ್ನಿಗೆ ಹೋದವು. ಹಾಗಾಗಿ ಈ ಊರನ್ನು ಯಾವ ಕ್ರಮದಲ್ಲಿ ನೋಡುತ್ತೇವೆ ಎಂಬುದರ ಮೇಲೆ ನಮಗೆ ಏನು ಕಾಣುತ್ತದೆ ಎಂಬುದು ನಿಂತಿದೆ ಎಂದು ನಾನು ತಿಳಿದಿದ್ದೇನೆ. ಪ್ರವಾಸಿಗರಲ್ಲಿ ಹೆಚ್ಚಿನವರು ಬಂದರಿನಲ್ಲಿ ಎದ್ದು ಕಾಣುವ ಕೋಟೆಗೇ ಮೊದಲು ನುಗ್ಗಿ, ಸಮಯ ಉಳಿದರೆ ಮಸೋಲಿಯಮ್ ಕಡೆಗೆ ಹೋಗುತ್ತಾರೆ. ನಾವು ತಿರುಗುಮುರುಗಾಗಿ ಹೋದೆವು.

ನಾವು ಎಂದರೆ ನಾನು ಮತ್ತು ಶಿವಮೊಗ್ಗದಿಂದ ಜರ್ಮನಿಯ ನಮ್ಮ ಮನೆಗೆ ಬಂದಿದ್ದ ಅಪ್ಪ. ಅವರು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಟರ್ಕಿಯ ವೀಸಾ ಬೇಕೇ ಬೇಕು; ಚಾಲ್ತಿಯಲ್ಲಿರುವ ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ವೀಸಾ ಇಲ್ಲವೇ ವಾಸದ ಪರವಾನಗಿ ಇದ್ದವರು ಆನ್‌ಲೈನ್‌ನಲ್ಲಿ ಇ-ವೀಸಾ ಪಡೆಯಬಹುದಾದ್ದರಿಂದ ನಮಗೆ ಆ ಕೆಲಸ ಸುಲಭವಾಯಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಸುಡುವ ಬಿಸಿಲು ಮತ್ತು ಜನಜಂಗುಳಿ ಇರುವುದರಿಂದ ಅಕ್ಟೋಬರ್ ತಿಂಗಳನ್ನು ಆರಿಸಿಕೊಂಡೆವು. ವಿಮಾನ ನಿಲ್ದಾಣ ಮಿಲಾಸ್ ಊರಿನ ಕಡೆಗಿದ್ದು, ಬೋಡ್ರುಮ್‌ಗೆ ಅಲ್ಲಿಂದ ಸುಮಾರು 35 ಕಿಲೋಮೀಟರ್ ಆಗುತ್ತದೆ. ವಿಮಾನಗಳ ವೇಳೆಗೆ ಹೊಂದಿಕೊಂಡು ಬಸ್ಸುಗಳು ಓಡುವುದರಿಂದ ಟ್ಯಾಕ್ಸಿಗೆ ಹಣ ಸುರಿಯುವ ಅಗತ್ಯವಿಲ್ಲ. ಕೋಣೆಯನ್ನು ಮಾತ್ರ ಯೋಚಿಸಿ ಹಿಡಿಯಬೇಕು. ಕೋಟೆಯ ಪೂರ್ವಕ್ಕಿರುವ ಕೊಲ್ಲಿಯ ಉದ್ದಕ್ಕೂ ಬಾರುಗಳು ಮತ್ತು ಕುಣಿತದ ಕ್ಲಬ್ಬುಗಳು ಸಾಲುಗಟ್ಟಿವೆ, ಅಲ್ಲಿ ರಾತ್ರಿ ನಿದ್ದೆಯ ಆಸೆಯನ್ನು ಬಿಡಬೇಕಾಗುತ್ತದೆ. ನಾವು ಪಶ್ಚಿಮದ ಬದಿಯಲ್ಲಿ, ಮಸೋಲಿಯಮ್‌ಗೆ ಹತ್ತಿರದ ಓಣಿಯೊಂದರಲ್ಲಿ ಉಳಿದುಕೊಂಡೆವು. ಸುಣ್ಣ ಬಳಿದ ಚೌಕಾಕಾರದ ಬಿಳಿ ಮನೆಗಳು, ಅವುಗಳ ಗೋಡೆಯ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ, ಹಿತ್ತಲಲ್ಲಿ ಮ್ಯಾಂಡರಿನ್ ಕಿತ್ತಳೆಯ ಗಿಡಗಳು ಇರುವ ಭಾಗವದು.

ಬೆಳಿಗ್ಗೆ ಮೊದಲು ಹತ್ತಿದ್ದು ಊರಿನ ಉತ್ತರಕ್ಕಿರುವ ಗುಡ್ಡದ ಇಳಿಜಾರಿನ ಪ್ರಾಚೀನ ರಂಗಮಂದಿರವನ್ನು. ರಂಗಮಂದಿರಕ್ಕಾಗಿ ಹೋದೆವು ಎನ್ನುವುದಕ್ಕಿಂತ ಅಲ್ಲಿಂದ ಕಾಣುವ ಊರಿಗಾಗಿ ಹೋದೆವು ಎನ್ನುವುದೇ ಸರಿ. ಇಂದಿನ ಬೋಡ್ರುಮ್ ಆಗಿನ ಹ್ಯಾಲಿಕಾರ್ನಾಸಸ್. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ ಊರು. ಪರ್ಷಿಯನ್ ಸಾಮ್ರಾಜ್ಯದ ಅಧೀನದಲ್ಲಿ ಕಾರಿಯಾ ಪ್ರಾಂತವನ್ನು ಆಳುತ್ತಿದ್ದ ಮೌಸೋಲಸ್ ಕ್ರಿ.ಪೂ. 4ನೇ ಶತಮಾನದಲ್ಲಿ ತನ್ನ ರಾಜಧಾನಿಯನ್ನು ಒಳನಾಡಿನ ಮಿಲಾಸಾದಿಂದ ಇಲ್ಲಿಗೆ ತಂದು, ಸುತ್ತಲಿನ ಬೆಟ್ಟಗಳ ಮೇಲಿದ್ದ ಲೆಲೆಗಿಯನ್ ಎಂಬ ಹಳೆಯ ಸ್ಥಳೀಯ ಜನಾಂಗದ ಊರುಗಳ ಜನರನ್ನೂ ಕರೆತಂದು ನೆಲೆಗೊಳಿಸಿ ಊರನ್ನು ಹೊಸದಾಗಿ ಕಟ್ಟಿಸಿದನು. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಈ ಊರಿನ ನೆಲದ ಬಾಗನ್ನು ರಂಗಮಂದಿರದ ಬಾಗಿಗೆ ಹೋಲಿಸಿದ್ದಾನೆ: ಕೆಳಗೆ ಬಂದರಿನ ಬಳಿ ಮಾರುಕಟ್ಟೆ, ಇಳಿಜಾರಿನ ನಡುವೆ ಅಗಲವಾದ ಬೀದಿ, ಆ ಬೀದಿಯ ಮಧ್ಯದಲ್ಲಿ ಸಮಾಧಿ, ಒಂದು ತುದಿಯಲ್ಲಿ ರಾಜನ ಅರಮನೆ. ಕಲ್ಲಿನ ಆಸನಗಳ ಮೇಲಿನ ಸಾಲಿನಲ್ಲಿ ಕುಳಿತು ನೋಡಿದರೆ ಆ ವಿವರಣೆ ಇಂದಿಗೂ ಹೊಂದುತ್ತದೆ. ಬಲಕ್ಕೆ ಗುಡ್ಡದ ಅಂಚಿನಲ್ಲಿ ಹಳೆಯ ಗಾಳಿಗಿರಣಿಗಳು, ಎದುರಿಗೆ ಕೋಟೆ, ಅದರಾಚೆ ಗ್ರೀಸಿಗೆ ಸೇರಿದ ಕೋಸ್ ದ್ವೀಪ. ಮೌಸೋಲಸ್ ತನ್ನ ಸಮಾಧಿಗೆ ಈ ಜಾಗವನ್ನೇ ಏಕೆ ಆರಿಸಿದನೆಂದು ಇಲ್ಲಿ ಕುಳಿತಾಗ ತಿಳಿಯುತ್ತದೆ: ಹಡಗಿನಲ್ಲಿ ಬರುವವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅದೇ ಆಗಿತ್ತು.

ಅಲ್ಲಿಂದ ಇಳಿದು ಹೊರಟರೆ ಮಸೋಲಿಯಮ್ ಹತ್ತಿರವೇ ಇದೆ. ಮೌಸೋಲಸ್ ಕ್ರಿ.ಪೂ. 353ರಲ್ಲಿ ತೀರಿಕೊಂಡನು, ಅವನ ಪತ್ನಿಯೂ ಸಹೋದರಿಯೂ ಆಗಿದ್ದ ಆರ್ಟೆಮಿಸಿಯಾ ಕೆಲಸವನ್ನು ಮುಂದುವರಿಸಿದಳು, ಅವಳೂ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ಎತ್ತರದ ಪೀಠ, ಅದರ ಮೇಲೆ 36 ಕಂಬಗಳು, ಕಂಬಗಳ ಮೇಲೆ 24 ಮೆಟ್ಟಿಲುಗಳ ಪಿರಮಿಡ್, ಎಲ್ಲಕ್ಕೂ ಮೇಲೆ ನಾಲ್ಕು ಕುದುರೆಗಳ ರಥ, ಒಟ್ಟು 140 ಅಡಿ ಎತ್ತರ ಎಂದು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಸ್ಕೋಪಾಸ್, ಬ್ರಯಾಕ್ಸಿಸ್, ಟಿಮೋಥಿಯಸ್ ಮತ್ತು ಲಿಯೋಕಾರಿಸ್ ಎಂಬ ನಾಲ್ವರು ಗ್ರೀಕ್ ಶಿಲ್ಪಿಗಳು ಒಬ್ಬೊಬ್ಬರು ಒಂದೊಂದು ದಿಕ್ಕಿನ ಶಿಲ್ಪಗಳನ್ನು ಕಡೆದರಂತೆ. ಭೂಕಂಪಗಳು ಅದನ್ನು ಮಧ್ಯಯುಗದಲ್ಲಿ ಉರುಳಿಸಿದವು.

ಇಲ್ಲಿ ನಾವು ಕಳೆದ ಸಮಯವನ್ನು ಕಂಡು ಟಿಕೆಟ್ ಕೊಡುವವನಿಗೆ ಆಶ್ಚರ್ಯವಾಗಿರಬೇಕು. ಮೊದಲು ಚಾವಣಿಯ ಕೆಳಗಿರುವ ಸಣ್ಣ ಪ್ರದರ್ಶನದಲ್ಲಿ ಕಟ್ಟಡದ ಮಾದರಿಯನ್ನೂ, ಗ್ರೀಕರು ಮತ್ತು ಅವರ ಪುರಾಣಗಳಲ್ಲಿ ಬರುವ ಅಮೆಜಾನ್ ಎಂಬ ಯೋಧ ಸ್ತ್ರೀಯರ ಯುದ್ಧವನ್ನು ತೋರಿಸುವ ಫಲಕಗಳ ಪ್ರತಿಕೃತಿಗಳನ್ನೂ ನಿಧಾನವಾಗಿ ನೋಡಿ, ಆ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಂಡಕ್ಕೆ ಇಳಿದೆವು. ಪಶ್ಚಿಮದ ಬದಿಯಲ್ಲಿ ಬಂಡೆಯಲ್ಲೇ ಕಡಿದ ಅಗಲವಾದ ಮೆಟ್ಟಿಲುಗಳಿವೆ. 1966ರಿಂದ ಇಲ್ಲಿ ಉತ್ಖನನ ನಡೆಸಿದ ಡೆನ್ಮಾರ್ಕಿನ ಕ್ರಿಸ್ಟಿಯನ್ ಯೆಪ್ಪೆಸೆನ್ ಅವರ ತಂಡಕ್ಕೆ ಆ ಮೆಟ್ಟಿಲುಗಳ ಬುಡದಲ್ಲಿ ರಾಶಿ ರಾಶಿ ಪ್ರಾಣಿಗಳ ಎಲುಬು ಸಿಕ್ಕಿತು. ಅಂತ್ಯಕ್ರಿಯೆಯ ಸಮಯದಲ್ಲಿ ಸತ್ತವನ ಪಾಲಿಗೆಂದು ಕಡಿದಿಟ್ಟ ದನ, ಕುರಿ, ಕೋಳಿಗಳ ಎಲುಬುಗಳವು. ಅಪ್ಪ ಆ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಎದ್ದೇಳಲಿಲ್ಲ. ಹೊಂಡದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಕಲ್ಲಿನ ಬಣ್ಣ. ಹೊರಮೈಗೆ ಅಮೃತಶಿಲೆ ಹೊದಿಸಿದ್ದರೂ ಒಳಗಿನ ತಿರುಳನ್ನು ಹಸಿರು ಛಾಯೆಯ ಜ್ವಾಲಾಮುಖಿ ಶಿಲೆಯಿಂದ ಕಟ್ಟಿದ್ದರು. ಬೆಳಗಿನ ಓರೆ ಬಿಸಿಲಿನಲ್ಲಿ ಆ ಹಸಿರು ಚೆನ್ನಾಗಿ ಗುರುತು ಸಿಗುತ್ತದೆ. ಆ ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡೇ ಕೋಟೆಗೆ ಹೋಗಬೇಕು.

ಕೋಟೆಯ ಕಥೆ ತೈಮೂರನಿಂದ ಆರಂಭವಾಗುತ್ತದೆ. ಇಂದಿನ ಇಜ್ಮಿರ್ ಆಗಿರುವ ಸ್ಮಿರ್ನಾದಲ್ಲಿದ್ದ ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರ ಕೋಟೆಯನ್ನು ಅವನು 1402ರಲ್ಲಿ ಕೆಡವಿದ ಮೇಲೆ, ರೋಡ್ಸ್ ದ್ವೀಪದಲ್ಲಿ ನೆಲೆಯೂರಿದ್ದ ಆ ಯೋಧರು ಅದಕ್ಕೆ ಬದಲಾಗಿ ಇಲ್ಲಿ ಹೊಸ ಕೋಟೆ ಕಟ್ಟಲು ಶುರುಮಾಡಿದರು. ಬಿದ್ದ ಸಮಾಧಿಯ ಕಡೆದ ಕಲ್ಲುಗಳು ಹತ್ತಿರದಲ್ಲೇ ಇರುವಾಗ ಅವರು ಬೇರೆ ಗಣಿ ಹುಡುಕುವ ಅಗತ್ಯವೇನಿತ್ತು? ಶತಮಾನ ಕಳೆದು, ಸುಲ್ತಾನ್ ಸುಲೇಮಾನ್ ರೋಡ್ಸ್ ಮೇಲೆ ದಂಡೆತ್ತಿ ಬರುವ ಸುದ್ದಿಗೆ 1522ರಲ್ಲಿ ಕೋಟೆಯನ್ನು ಅವಸರದಿಂದ ಬಲಪಡಿಸಿದಾಗ ಉಳಿದದ್ದನ್ನೂ ಅಗೆದರು, ಸಿಕ್ಕ ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದರು. ಇಷ್ಟೆಲ್ಲ ಮಾಡಿಯೂ ಪ್ರಯೋಜನವಾಗಲಿಲ್ಲ. ರೋಡ್ಸ್ ಬಿದ್ದೊಡನೆ ಈ ಕೋಟೆಯೂ ತುರ್ಕರ ವಶವಾಯಿತು.

ಒಳಗೆ ಹೋದ ಮೇಲೆ ಗೋಪುರಗಳತ್ತ ಓಡದೆ ಗೋಡೆಯನ್ನೇ ನೋಡುತ್ತ ನಿಧಾನವಾಗಿ ಏರಿದೆವು. ಗೋಡೆಯಲ್ಲಿ ಎರಡು ಬಗೆಯ ಕಲ್ಲುಗಳಿವೆ: ಸ್ಥಳೀಯವಾಗಿ ಕಡಿದ ಒರಟು ಕಲ್ಲು ಒಂದು, ಅಂಚು ನೇರವಾಗಿ, ಮುಖ ಸಮತಟ್ಟಾಗಿ ಕೆತ್ತಿದ ಹಸಿರು ಛಾಯೆಯ ದೊಡ್ಡ ಕಲ್ಲು ಇನ್ನೊಂದು. ಹೊಂಡದಲ್ಲಿ ಕಂಡ ಅದೇ ಹಸಿರು. ಒಮ್ಮೆ ಗುರುತು ಹಿಡಿದ ಮೇಲೆ ಅದು ಎಲ್ಲೆಲ್ಲೂ ಕಾಣತೊಡಗುತ್ತದೆ. ಒಂದೆರಡು ಕಲ್ಲುಗಳಲ್ಲಿ, ಪಕ್ಕದ ಕಲ್ಲಿಗೆ ಬೆಸೆಯಲೆಂದು ಹಿಂದಿನ ಕಟ್ಟಡದವರು ಕೊರೆದ ಕಂಡಿಗಳು ಈಗ ಪಕ್ಕದಲ್ಲಿ ಬೆಸೆಯಲು ಏನೂ ಇಲ್ಲದೆ ಹೊರಮುಖವಾಗಿ ಉಳಿದಿವೆ. ಬಾಗಿಲುಗಳ ಮೇಲೆ, ಗೋಪುರಗಳ ಮೇಲೆ ನೂರಾರು ಯೋಧಮನೆತನಗಳ ಲಾಂಛನಗಳನ್ನು ಕೆತ್ತಿದ್ದಾರೆ. ಇಂಗ್ಲಿಷ್ ಗೋಪುರದ ಪಶ್ಚಿಮದ ಗೋಡೆಯಲ್ಲಂತೂ ಒಂದು ಪ್ರಾಚೀನ ಸಿಂಹವನ್ನೇ ಕೂಡಿಸಿದ್ದಾರೆ. ಅಮೆಜಾನ್ ಯುದ್ಧದ ಫಲಕಗಳೂ ಹೀಗೆಯೇ ಈ ಗೋಡೆಗಳಲ್ಲಿ ಅಲಂಕಾರವಾಗಿ ಕುಳಿತಿದ್ದವು. ಬ್ರಿಟಿಷ್ ರಾಯಭಾರಿ ಸ್ಟ್ರ್ಯಾಟ್‌ಫರ್ಡ್ ಕ್ಯಾನಿಂಗ್ 1846ರಲ್ಲಿ ಅವುಗಳನ್ನು ಬಿಡಿಸಿ ಒಯ್ಯಲು ಸುಲ್ತಾನನಿಂದ ಅನುಮತಿ ಪಡೆದನು. ಹತ್ತು ವರ್ಷಗಳ ನಂತರ ಬ್ರಿಟಿಷ್ ಪುರಾತತ್ವಜ್ಞ ಚಾರ್ಲ್ಸ್ ನ್ಯೂಟನ್ ಬಂದು ಸಮಾಧಿಯ ಜಾಗವನ್ನು ಅಗೆದು, ಮೌಸೋಲಸ್‌ನದೆಂದು ಹೇಳಲಾಗುವ ಭವ್ಯ ಪ್ರತಿಮೆಯನ್ನೂ ಸೇರಿಸಿ ಸಿಕ್ಕ ಮುಖ್ಯ ಶಿಲ್ಪಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ಗೆ ಸಾಗಿಸಿದನು. ನಮ್ಮ ಅಮರಾವತಿ ಸ್ತೂಪದ ಫಲಕಗಳೂ ಆ ಲಂಡನ್ ವಸ್ತುಸಂಗ್ರಹಾಲಯದಲ್ಲೇ ಇರುವುದನ್ನು ನೆನೆದರೆ ಬೋಡ್ರುಮ್‌ನವರ ಬೇಸರ ನಮಗೆ ಬಿಡಿಸಿ ಹೇಳಬೇಕಾದದ್ದಲ್ಲ. ಆದರೆ ಕೋಟೆಯವರು ಸುಣ್ಣದ ಭಟ್ಟಿಗೆ ಹಾಕಿದ್ದನ್ನು ಕಂಡ ಮೇಲೆ ಗೋಡೆಗೆ ಸಿಕ್ಕಿಸಿದ್ದು, ಹಡಗಿಗೆ ಹೇರಿದ್ದು ಎರಡೂ ಒಂದು ಬಗೆಯ ಉಳಿವೇ ಎಂದು ನನಗೆ ಅನ್ನಿಸಿತು. ಅಪ್ಪ ಇದನ್ನು ಒಪ್ಪಲಿಲ್ಲ.

ಕೋಟೆಯಲ್ಲಿ ಏರು ಹೆಚ್ಚು, ಮೆಟ್ಟಿಲುಗಳು ನುಣುಪಾಗಿ ಸವೆದಿವೆ. ಮಂಡಿ ನೋವಿರುವವರು ನಡುನಡುವೆ ಕುಳಿತುಕೊಳ್ಳುತ್ತ ಹೋಗುವುದು ಒಳ್ಳೆಯದು, ರಬ್ಬರ್ ಅಡಿಯ ಬೂಟು ಕಡ್ಡಾಯ. ವಿದೇಶಿಯರಿಗೆ ಪ್ರವೇಶದರ ಯೂರೋ ಲೆಕ್ಕದಲ್ಲಿದ್ದು ದುಬಾರಿಯೇ. ಅದಕ್ಕಾಗಿಯೇ ಅರ್ಧ ದಿನವನ್ನಾದರೂ ಇಲ್ಲಿಗೆ ಮೀಸಲಿಡಬೇಕು. ಗೋಡೆಗಳನ್ನು ನೋಡಿ ಮುಗಿದಾಗ ಇನ್ನೂ ಅರ್ಧ ಟಿಕೆಟ್ ಉಳಿದಿರುತ್ತದೆ, ಏಕೆಂದರೆ ಈ ಕೋಟೆಯೊಳಗೇ ನೀರಡಿಯ ಪುರಾತತ್ವದ ವಸ್ತುಸಂಗ್ರಹಾಲಯವಿದೆ.

ಈ ಸಂಗ್ರಹಾಲಯಕ್ಕೆ ಮೂಲ ಕಾರಣರಾದವರು ಬೋಡ್ರುಮ್‌ನ ಸ್ಪಂಜು ತೆಗೆಯುವ ಮುಳುಗುಗಾರರು. ಸಮುದ್ರದ ತಳದಲ್ಲಿ ತಾವು ಕಂಡ ಹಳೆಯ ಮಡಕೆಗಳ ರಾಶಿಗಳ ಬಗ್ಗೆ ಅವರು ಹೇಳಿದ ಮಾತುಗಳನ್ನು ಹಿಡಿದೇ ಸಂಶೋಧಕರು ಮುಳುಗಿದ ಹಡಗುಗಳನ್ನು ಪತ್ತೆಹಚ್ಚಿದರು. 1960ರಲ್ಲಿ ಗೆಲಿಡೋನ್ಯಾ ಭೂಶಿರದ ಬಳಿ ಜಾರ್ಜ್ ಬ್ಯಾಸ್ ಅವರ ತಂಡ ಕಂಚಿನ ಯುಗದ ಹಡಗೊಂದನ್ನು ಸಮುದ್ರದ ತಳದಲ್ಲೇ ಶಾಸ್ತ್ರೀಯವಾಗಿ ಉತ್ಖನನ ಮಾಡಿತು. ಆದರೆ ಇಲ್ಲಿಯ ಮುಕುಟಮಣಿ ಉಲುಬುರುನ್ ಹಡಗು. 1982ರಲ್ಲಿ ಮೆಹ್ಮೆತ್ ಚಾಕಿರ್ ಎಂಬ ಮುಳುಗುಗಾರ, ಕಾಶ್ ಊರಿನ ಹತ್ತಿರ ತಳದಲ್ಲಿ ಕಿವಿಗಳಿರುವ ಲೋಹದ ಬಿಸ್ಕತ್ತುಗಳನ್ನು ಕಂಡೆನೆಂದು ಹೇಳಿದನು. ಅವು ಕ್ರಿ.ಪೂ. 14ನೇ ಶತಮಾನದ ತಾಮ್ರದ ಗಟ್ಟಿಗಳಾಗಿದ್ದವು. 40 ಮೀಟರಿಗಿಂತಲೂ ಹೆಚ್ಚಿನ ಆಳದಲ್ಲಿದ್ದ ಆ ಹಡಗನ್ನು 1984ರಿಂದ 1994ರವರೆಗೆ, ಒಬ್ಬೊಬ್ಬರು ದಿನಕ್ಕೆ ಎರಡು ಸಲ ಸುಮಾರು ಇಪ್ಪತ್ತು ನಿಮಿಷ ಮಾತ್ರ ಕೆಳಗಿರುತ್ತ ಮೇಲೆತ್ತಿದರು.

ಅದರಲ್ಲಿದ್ದದ್ದು ಸುಮಾರು ಹತ್ತು ಟನ್ ತಾಮ್ರ ಮತ್ತು ಒಂದು ಟನ್ ತವರ. ಈ ಅಂಕಿಗಳನ್ನು ಓದಿದ ಕ್ಷಣ ಅಪ್ಪನ ಮುಖ ಅರಳಿತು: ಹತ್ತಕ್ಕೆ ಒಂದು ಎಂದರೆ ಕಂಚಿನ ಪಾಕ. ಕಂಚಿನ ಯುಗವೆಂದು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದೆ, ಅದರ ಕಚ್ಚಾ ಸಾಮಾನನ್ನು ಮೂಟೆಯಾಗಿ ನೋಡಿದ್ದು ಇವತ್ತು ಎಂದರು. ಕೋಬಾಲ್ಟ್ ನೀಲಿಯ ಗಾಜಿನ ಬಿಲ್ಲೆಗಳು, ಆನೆಯ ದಂತ, ನೀರಾನೆಯ ಹಲ್ಲು, ಬಾಲ್ಟಿಕ್ ಕಡಲಿನ ಅಂಬರ್ ಮಣಿಗಳು, ಈಜಿಪ್ಟಿನ ರಾಣಿ ನೆಫರ್‌ಟಿಟಿಯ ಹೆಸರಿರುವ ಚಿನ್ನದ ಮುದ್ರೆ, ಇಷ್ಟೆಲ್ಲ ಒಂದೇ ಹಡಗಿನ ಸರಕು. ನಾನು ಹೆಚ್ಚು ಹೊತ್ತು ನಿಂತದ್ದು ಇವುಗಳಲ್ಲಿ ಯಾವುದರ ಮುಂದೆಯೂ ಅಲ್ಲ, ಅಂಗೈಯಲ್ಲಿ ಹಿಡಿಸುವ ಮರದ ಬರವಣಿಗೆಯ ಹಲಗೆಯ ಮುಂದೆ. ಪುಸ್ತಕದಂತೆ ಮಡಚುವ ಎರಡು ತುಣುಕುಗಳು, ನಡುವೆ ದಂತದ ತಿರುಗಣೆ, ಒಳಗೆ ಮೇಣ ತುಂಬಲು ತಗ್ಗು, ಮೇಣ ಕಚ್ಚಿಕೊಳ್ಳಲೆಂದು ಆ ತಗ್ಗಿನಲ್ಲಿ ಗೀಚಿದ ಅಡ್ಡಗೆರೆಗಳು. ಮೇಣ ಕರಗಿಹೋಗಿದೆ, ಬರೆದದ್ದೂ ಹೋಗಿದೆ. ಪಕ್ಕದ ಕೊಠಡಿಗಳಲ್ಲಿ 11ನೇ ಶತಮಾನದ ಸೆರ್ಚೆ ಲಿಮಾನಿ ಹಡಗಿನ ಗಾಜಿನ ಸಂಗ್ರಹವಿದೆ. ಕರಗಿಸಿ ಮರುಬಳಕೆ ಮಾಡಲು ಒಯ್ಯುತ್ತಿದ್ದ ಮೂರು ಟನ್ ಗಾಜಿನಲ್ಲಿ ಒಡೆದ ಪಾತ್ರೆಗಳ ಲಕ್ಷಾಂತರ ಚೂರುಗಳನ್ನು ವಿಂಗಡಿಸಿ ಜೋಡಿಸಿದ್ದಾರೆ.

ಊಟದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಪ್ಪ ಶುದ್ಧ ಸಸ್ಯಾಹಾರಿಗಳಾದರೂ ಈಜಿಯನ್ ಕರಾವಳಿಯಲ್ಲಿ ಪರದಾಡಲಿಲ್ಲ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳು, ಅನ್ನ ತುಂಬಿದ ಕುಂಬಳಜಾತಿಯ ಹೂವುಗಳು, ಪಾಲಕ್ ಅಥವಾ ಚೀಸ್ ಇಟ್ಟು ಕಾವಲಿಯ ಮೇಲೆ ಬೇಯಿಸುವ ಗೊಜ್ಲೆಮೆ ಎಂಬ ತೆಳುರೊಟ್ಟಿ ಎಲ್ಲ ಕಡೆ ಸಿಗುತ್ತವೆ. ಬೇಳೆಯ ಸಾರಿನಂಥ ಮೆರ್ಜಿಮೆಕ್ ಸೂಪನ್ನು ಮಾತ್ರ ಕೆಲವೆಡೆ ಮಾಂಸದ ರಸದಲ್ಲಿ ಮಾಡುವುದರಿಂದ ಕೇಳಿಯೇ ತೆಗೆದುಕೊಳ್ಳಬೇಕು.

ಸಂಜೆಗೆ ಉಳಿಸಿಕೊಂಡದ್ದು ಊರಿನ ಪಶ್ಚಿಮದ ಮಿಂಡೋಸ್ ಹೆಬ್ಬಾಗಿಲು. ಕ್ರಿ.ಪೂ. 334ರಲ್ಲಿ ಅಲೆಕ್ಸಾಂಡರ್ ಈ ಊರಿಗೆ ಮುತ್ತಿಗೆ ಹಾಕಿದಾಗ ಗೋಡೆಯ ಹೊರಗಿನ ಕಂದಕವನ್ನು ಮುಚ್ಚಿಸಿ ಯಂತ್ರಗಳನ್ನು ಮುಂದೆ ತಳ್ಳಬೇಕಾಯಿತು ಎಂದು ಪ್ರಾಚೀನ ಬರಹಗಾರರು ಹೇಳುತ್ತಾರೆ. ಬಾಗಿಲ ಮುಂದೆ ಅಗೆದು ತೆರೆದ ಕಂದಕದ ಅಂಚಿನಲ್ಲಿ ನಾವು ನಿಂತಾಗ ಬೇರೊಬ್ಬ ಪ್ರವಾಸಿಯೂ ಇರಲಿಲ್ಲ. ಆ ಬಾಗಿಲಿನಿಂದ ಹೊರಟ ದಾರಿ ಸೇರುತ್ತಿದ್ದ ಮಿಂಡೋಸ್ ಪಟ್ಟಣ ಇಂದಿನ ಗುಮುಶ್ಲುಕ್. ಕೊಲ್ಲಿಯ ತಿಳಿನೀರಿನಲ್ಲಿ ಅದರ ಹಳೆಯ ಗೋಡೆ ಮುಳುಗಿರುವುದು ದಡದಿಂದಲೇ ಕಾಣುತ್ತದೆ. ಮರುದಿನ ಬಸ್ ನಿಲ್ದಾಣದಿಂದ ದೊಲ್ಮುಶ್ ಎಂಬ ಮಿನಿಬಸ್ ಹತ್ತಿ ಅಲ್ಲಿಗೂ ಹೋದೆವು. ಚಿಲ್ಲರೆ ಲಿರಾ ಜೇಬಿನಲ್ಲಿದ್ದರೆ, ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಚಾಲಕನಲ್ಲಿ ಕೇಳಿಕೊಂಡರೆ, ಈ ಪ್ರಯಾಣಕ್ಕೆ ಬೇರೆ ಸಿದ್ಧತೆ ಬೇಕಿಲ್ಲ.