ಚೀಟಿ ಒಂದೋ ಎರಡೋ: ನಾಗರತ್ನಮ್ಮನವರ ಬದುಕು ಬರೆದ ನನ್ನ ಅನುಭವ

ಕೆ.ಎಸ್. ನಾಗರತ್ನಮ್ಮನವರ ರಾಜಕೀಯ ಬದುಕನ್ನು ಬರೆಯುತ್ತೇನೆ ಎಂದಾಗ ಮೈಸೂರಿನ ನಮ್ಮ ಭಾನುವಾರದ ಬಳಗದಲ್ಲಿ ಯಾರೂ ಬೇಡ ಎನ್ನಲಿಲ್ಲ. ಗುಂಡ್ಲುಪೇಟೆ ಕಡೆಯ ಮುದುಕಿಯರನ್ನು ಕೇಳಿ ಬರೆಯುತ್ತೇನೆ ಎಂದಾಗ ನಕ್ಕರು. "ನಿನ್ನೆ ಮಾಡಿದ ಸಾರು ಯಾವುದೆಂದು ಅವರಿಗೆ ನೆನಪಿರುವುದಿಲ್ಲ. 1962ರ ಚುನಾವಣೆ ನೆನಪಿರುತ್ತದೆಯೇನಮ್ಮಾ?" ಎಂದರು ನಿವೃತ್ತ ಮೇಷ್ಟರೊಬ್ಬರು. ಈಗ ಕರಡು ಮುಗಿದಿದೆ. ಅದನ್ನು ತಿದ್ದುತ್ತಿರುವವರು ಅದೇ ಮೇಷ್ಟರು.

ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದದ್ದು, 1972ರಿಂದ 78ರವರೆಗೆ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿದ್ದದ್ದು, ಅವರು ಆ ಪೀಠದಲ್ಲಿದ್ದಾಗಲೇ ಮೈಸೂರು ರಾಜ್ಯ ಕರ್ನಾಟಕವಾದದ್ದು, ಇವೆಲ್ಲ ನಿಮಗೆ ಗೊತ್ತಿರುವುದೇ. ನನಗೆ ಬೇಕಿದ್ದದ್ದು ಊರೊಳಗಿನ ನಾಗರತ್ನಮ್ಮ.

ಮೊದಲ ವರ್ಷ ಪೂರ್ತಿ ಹಾಳು. ಬಾಡಿಗೆ ಕಾರು, ವಿಡಿಯೊ ಮಾಡಲು ಒಬ್ಬ ಹುಡುಗ, ಮುಖಂಡರ ಮನೆಗಳಿಗೆ ಹಣ್ಣಿನ ಬುಟ್ಟಿ. 22 ಸಾವಿರವಾದರೂ ಹೋಯಿತು. ಸಿಕ್ಕಿದ್ದು ಸನ್ಮಾನ ಸಮಾರಂಭದ ಭಾಷಣಗಳು. ಪ್ರತಿಯೊಬ್ಬರೂ "ಅಮ್ಮನವರಿಗೆ ನಾನೇ ಬಲಗೈ" ಎಂದರು. ಎಷ್ಟು ಬಲಗೈಗಳಿದ್ದವೋ ಆಕೆಗೆ! ಹಳ್ಳಿಗಳಿಗೆ ಹೋದರೆ ಇನ್ನೊಂದು ಪಾಡು. ಯಾವ ವರ್ಷ ಎಂದು ಕೇಳಿದರೆ "ಮಳೆ ಹೋದ ವರ್ಷ" ಎನ್ನುತ್ತಿದ್ದರು.

ದಾರಿ ತೋರಿಸಿದವರು ತೆರಕಣಾಂಬಿ ಕಡೆಯ ಒಬ್ಬ ಅಜ್ಜಿ. ಜಗಲಿಯ ಮೇಲೆ ಸಾಂಬಾರ್ ಈರುಳ್ಳಿ ಹರಡಿಕೊಂಡು ಬಾಲ ಕತ್ತರಿಸುತ್ತಿದ್ದರು. ನನ್ನ ಕಡೆ ನೋಡದೆಯೇ, "ಹಸು-ಕರುವಿಗೆ ಒತ್ತಿ ಬಂದ ವಾರಕ್ಕೇ ನನ್ನ ಎರಡನೆಯವನು ಹುಟ್ಟಿದ್ದು ಕಣವ್ವ" ಎಂದರು. ಅಲ್ಲೇ ಕೂತು ಪುಸ್ತಕದಲ್ಲಿ ಗೆರೆ ಎಳೆದೆ. ಇವರಿಗೆ ವರ್ಷ ನೆನಪಿಲ್ಲ, ಚಿಹ್ನೆ ನೆನಪಿದೆ! ಕಾಂಗ್ರೆಸ್ಸಿಗೆ ಮೊದಲು ಜೋಡೆತ್ತು, 1971ರಿಂದ ಹಸು-ಕರು, 1978ರಿಂದ ಹಸ್ತ. ಕ್ಯಾಲೆಂಡರು ಅವರ ತಲೆಯಲ್ಲೇ ಇದೆ.

ಹಾಗೆಂದು ಬೀಗಿ ಮತ್ತೆ ಎಡವಿದೆ. ಹಸು-ಕರು ಎಂದವರನ್ನೆಲ್ಲ 1972ಕ್ಕೆ ತುಂಬಿದೆ. 1971ರ ಮತ್ತು 1977ರ ಲೋಕಸಭೆಗೂ ಅದೇ ಚಿಹ್ನೆ ಇತ್ತು ಎಂಬುದು ಹೊಳೆಯುವಷ್ಟರಲ್ಲಿ ಹನ್ನೆರಡು ಪುಟ ಬರೆದಾಗಿತ್ತು. ಅಷ್ಟನ್ನೂ ಹರಿದೆ. ಆಮೇಲೆ ಉಪಪ್ರಶ್ನೆಗಳನ್ನು ಕಟ್ಟಿಕೊಂಡೆ. ಅಮ್ಮನವರು ತಾವೇ ನಿಂತಿದ್ದರೋ, ಬೇರೆಯವರಿಗಾಗಿ ಮತ ಕೇಳಲು ಬಂದಿದ್ದರೋ? ಮತಗಟ್ಟೆಯಲ್ಲಿ ಕೊಟ್ಟದ್ದು ಒಂದು ಮತಚೀಟಿಯೋ ಎರಡೋ? ಹಸ್ತ, ಎರಡು ಚೀಟಿ ಎಂದರೆ 1989. ಆ ಸಲ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ನಡೆದವು. ಒಂದೇ ಚೀಟಿ, ಅಮ್ಮನವರೇ ನಿಂತಿದ್ದರು ಎಂದರೆ 1983 ಅಥವಾ 85. ಅವೆರಡನ್ನು ಬೇರ್ಪಡಿಸುವ ಪ್ರಶ್ನೆಯೂ ಒಂದಿದೆ, ಅದನ್ನು ಮಾತ್ರ ಪುಸ್ತಕ ಬರುವವರೆಗೆ ಹೇಳಲಾರೆ.

ಎಲ್ಲಕ್ಕಿಂತ ಹಳೆಯ ಗಂಟು ಬಿಚ್ಚಿದ್ದು ಪೆಟ್ಟಿಗೆಯಿಂದ. 1957ರವರೆಗೆ ಅಭ್ಯರ್ಥಿಗೊಂದು ಪೆಟ್ಟಿಗೆ. ಚೀಟಿಗೆ ಮುದ್ರೆ ಒತ್ತಬೇಕಿರಲಿಲ್ಲ, ಬೇಕಾದವರ ಪೆಟ್ಟಿಗೆಯೊಳಗೆ ಹಾಕಿದರಾಯಿತು. 1962ಕ್ಕೆ ಮುದ್ರೆ ಒತ್ತುವುದು ಬಂತು. ಆಗ ಮತ ಹಾಕಲು 21 ತುಂಬಿರಬೇಕಿತ್ತಾದ್ದರಿಂದ ಪೆಟ್ಟಿಗೆ ಕಂಡವರು ಈಗ ತೊಂಬತ್ತರ ಆಸುಪಾಸು. ನನಗೆ ಸಿಕ್ಕಿದ್ದು ಇಬ್ಬರೇ. ಅವರಲ್ಲೊಬ್ಬರು, ಚೀಟಿ ಒಳಗೆ ಬಿದ್ದ ಸದ್ದೇ ಕೇಳಲಿಲ್ಲವೆಂದು ಪೆಟ್ಟಿಗೆಗೆ ಕಿವಿ ಕೊಟ್ಟು ನಿಂತದ್ದನ್ನು, ಅಧಿಕಾರಿ ಗದರಿ ಕಳಿಸಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದರು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಚಿಹ್ನೆಗಳ ಚಿತ್ರವನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸಿ ತೋರಿಸಿದೆ. ಸೈಕಲ್ಲು ತೋರಿಸಿದರೂ "ಹೂಂ, ಇದಕ್ಕೂ ಹಾಕಿದ್ದೇನೆ" ಎಂದರು. ಮನೆಗೆ ಬಂದವಳ ಮನಸ್ಸು ನೋಯಿಸಬಾರದಲ್ಲ! ಕಾರ್ಡು ಈಗ ಮೊಮ್ಮಗಳ ಆಟಕ್ಕಿದೆ. ಮಾತನ್ನು ಅಕ್ಷರಕ್ಕಿಳಿಸುವ ಮೊಬೈಲ್ ಆ್ಯಪ್ ಅಲ್ಲಿನ ಮಾತಿಗೆ ಕೈಯೆತ್ತಿತು. ಕೈಬರಹವೇ ಗತಿ.

ದಿನಾಂಕ ಕೂಡಿಸಿದ ಪ್ರಸಂಗಗಳು ನಲವತ್ತರ ಹತ್ತಿರ. ಹಳೆಯ ಪತ್ರಿಕೆಗಳು ಮತ್ತು ಸದನದ ನಡಾವಳಿಗಳೊಂದಿಗೆ ತಾಳೆ ನೋಡಿದಾಗ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಸರಿಬಂದವು. ಬಲಗೈಗಳು ಹೇಳಿದ್ದರಲ್ಲಿ ಸರಿಬಂದದ್ದು ಮೂರು.

ಎರಡನೆಯ ಹಂತಕ್ಕೆ ಖರ್ಚಾದದ್ದು 9 ಸಾವಿರ ಇರಬಹುದು. ಹೆಚ್ಚಿನದು ಜೆರಾಕ್ಸಿಗೆ, ಉಳಿದದ್ದು ಎಲೆಅಡಿಕೆಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಂಜನಗೂಡಿನ ಮೇಲಿಂದ ಗುಂಡ್ಲುಪೇಟೆಗೆ ಹೋಗಿಬರಲು ಒಂದು ಪೈಸೆ ಕೊಟ್ಟಿಲ್ಲ. ಇನ್ನುಳಿದಿರುವುದು ಅಚ್ಚಿನ ಖರ್ಚು. 300 ಪ್ರತಿಗೆ 40 ಸಾವಿರದ ಮೇಲೆ ಹೇಳುತ್ತಿದ್ದಾರೆ. ಮುನ್ನುಡಿಯನ್ನು ತಾವೇ ಬರೆಯುವುದಾಗಿ ಮೇಷ್ಟರು ಹೇಳಿಕಳಿಸಿದ್ದಾರೆ. ಅದಕ್ಕೇನೂ ಖರ್ಚಿಲ್ಲವಂತೆ.