ಅಮಿಗಾ 1200ರಲ್ಲಿ ಮ್ಯಾಕ್ ಓಎಸ್: ಎರಡೂ ಒಟ್ಟಿಗೆ

ಕಮೊಡೋರ್ ಕಂಪನಿಯ ಹಳೆಯ ಗೃಹ ಕಂಪ್ಯೂಟರ್ ಅಮಿಗಾ 1200 ಮತ್ತು ಹಳೆಯ ಮ್ಯಾಕ್‌ಗಳ ಪ್ರೊಸೆಸರ್ ಒಂದೇ ಮೊಟೊರೊಲಾ 68000 ಕುಟುಂಬದ್ದು. ಹಾಗಾಗಿ ಅಮಿಗಾದಲ್ಲಿ ಮ್ಯಾಕ್ ಓಡಿಸುವ ಶೇಪ್‌ಶಿಫ್ಟರ್ ತಂತ್ರಾಂಶ ಪ್ರೊಸೆಸರ್ ಸೂಚನೆಗಳನ್ನು ಅನುವಾದಿಸಬೇಕಿಲ್ಲ. ಮ್ಯಾಕ್ ಸಿಸ್ಟಂ 7, ಅಮಿಗಾ ಓಎಸ್ ಒಳಗೇ ಓಡುತ್ತದೆ. ವೇಗ ಬೆರಗಾಗಿಸುವಷ್ಟಿದೆ.

ಮೊದಲು ಬೋರ್ಡಿನ ಕೆಪಾಸಿಟರ್ ಸೋರಿದೆಯೇ ನೋಡಿ. ಸೋರಿದ್ದರೆ ಬದಲಿಸದೆ ಮುಂದುವರಿಯಬೇಡಿ.

ಮೂಲದ 2 ಎಂಬಿ ಚಿಪ್ ರ‍್ಯಾಮ್ (ಚಿತ್ರ, ಧ್ವನಿಯ ಚಿಪ್‌ಗಳೂ ಹಂಚಿಕೊಳ್ಳುವ ಮೆಮೊರಿ) ಸಾಲದು, ಕಾರ್ಡಿನ ಮೂಲಕ 8 ಎಂಬಿ ಫಾಸ್ಟ್ ರ‍್ಯಾಮ್ (ಪ್ರೊಸೆಸರ್ ಮಾತ್ರ ಬಳಸುವ ಮೆಮೊರಿ) ಹಾಕಿ. ಇಂಥ ಕೆಲವು ಕಾರ್ಡುಗಳಿದ್ದರೆ ಪಕ್ಕದ ಪಿಸಿಎಂಸಿಐಎ ವಿಸ್ತರಣಾ ಸ್ಲಾಟ್ ಕೆಲಸ ಮಾಡದು.

ಡಿಸ್ಕಿಗೆ 4 ಜಿಬಿ ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಕಾರ್ಡ್, ಅದನ್ನು ಜೋಡಿಸಲು 44 ಪಿನ್ ಐಡಿಇ ಅಡಾಪ್ಟರ್ ಸಾಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ಡಿಸ್ಕ್ ಸಿದ್ಧಪಡಿಸುವ ಎಚ್‌ಡಿಟೂಲ್‌ಬಾಕ್ಸ್‌ನಲ್ಲಿ ಪ್ರತಿ ಪಾರ್ಟಿಷನ್ನಿಗೂ ಮ್ಯಾಕ್ಸ್‌ಟ್ರಾನ್ಸ್‌ಫರ್ (ಒಮ್ಮೆಗೆ ಸಾಗಿಸುವ ದತ್ತಾಂಶದ ಮಿತಿ) 0ಎಕ್ಸ್‌1ಎಫ್‌ಇ00 ಇರಲೇಬೇಕು. ಅಂದರೆ 255 ಸೆಕ್ಟರ್, 1,30,560 ಬೈಟ್. ಇದನ್ನು ಮರೆತರೆ ದೊಡ್ಡ ಫೈಲುಗಳು ಸದ್ದಿಲ್ಲದೆ ಕೆಡಬಹುದು.

ಅಮಿಗಾ ಶುರುವಾಗುವಾಗ ಓಡುವ ಸ್ಟಾರ್ಟಪ್-ಸೀಕ್ವೆನ್ಸ್ ಫೈಲಿನ ಮೊಟ್ಟಮೊದಲ ಸಾಲಾಗಿ ಪ್ರಿಪೇರ್‌ಎಮ್ಯುಲ್ ಆದೇಶ ಸೇರಿಸಿ. ಮ್ಯಾಕ್‌ಗೆ ಮೆಮೊರಿಯ ಆರಂಭದ ಭಾಗ ಬೇಕು, ಇದು ಅದನ್ನು ಕಾದಿರಿಸುತ್ತದೆ. ಯಂತ್ರ ಒಮ್ಮೆ ತಾನಾಗಿ ರೀಬೂಟ್ ಆದರೆ ಗಾಬರಿ ಬೇಡ.

ನಿಮ್ಮದೇ ಮ್ಯಾಕ್‌ನಿಂದ ತೆಗೆದ 512 ಕೆಬಿ ಅಥವಾ 1 ಎಂಬಿ ರಾಮ್ (ROM, ಅಳಿಯದ ಮೆಮೊರಿ) ಫೈಲನ್ನು ಶೇಪ್‌ಶಿಫ್ಟರ್‌ಗೆ ಕೊಟ್ಟು, ಹಾರ್ಡ್‌ಫೈಲ್ (ಮ್ಯಾಕ್‌ಗೆ ಡಿಸ್ಕಿನಂತೆ ಕಾಣುವ ಫೈಲ್) ಸೃಷ್ಟಿಸಿ ಸಿಸ್ಟಂ ಸ್ಥಾಪಿಸಿ. ಮೊದಲು ಕಪ್ಪು-ಬಿಳುಪು ಪರದೆಯಲ್ಲೇ ನಡೆಸಿ. 256 ಬಣ್ಣಕ್ಕೆ ಹೋದರೆ ಚಿತ್ರದ ದತ್ತಾಂಶವನ್ನು ಅಮಿಗಾಗೆ ಬೇಕಾದ ಜೋಡಣೆಗೆ ಬದಲಿಸುವುದರಲ್ಲೇ ಪ್ರೊಸೆಸರ್ ಬಸವಳಿಯುತ್ತದೆ.

ಎಡ ಅಮಿಗಾ ಕೀಲಿ ಹಿಡಿದು ಎಂ ಒತ್ತಿದರೆ ಮ್ಯಾಕ್ ಮತ್ತು ಅಮಿಗಾ ಪರದೆಗಳು ಅದಲುಬದಲಾಗುತ್ತವೆ. ಸ್ವಿಚ್ ಆರಿಸುವ ಮುನ್ನ ಮ್ಯಾಕ್‌ನಲ್ಲಿ ಶಟ್ ಡೌನ್ ಕೊಡಿ. ಕರೆಂಟ್ ಹೋಗುವ ಬಡಾವಣೆಯಾದರೆ ಯುಪಿಎಸ್ ಇರಲಿ.