ಬೀದಿ ತುದಿಯ ಕಸದ ಗುಡ್ಡೆ ಮತ್ತೆ ಬೆಳೆಯದಂತೆ ಮಾಡುವುದು

ನಮ್ಮ ಮನೆ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ. ಬೀದಿಯ ತುದಿಗೆ ಒಂದು ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಖಾಲಿ ಸೈಟಿನ ಕಾಂಪೌಂಡ್ ಗೋಡೆ, ಆ ಗೋಡೆಯ ಬುಡದಲ್ಲಿ ಹತ್ತು ಹನ್ನೆರಡು ವರ್ಷದಿಂದ ಕಸ. ಪಾಲಿಕೆಯವರು ಇಂಥ ಜಾಗವನ್ನು ‘ಬ್ಲ್ಯಾಕ್ ಸ್ಪಾಟ್’ ಅನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಆ ಮೂಲೆಯಲ್ಲಿ ಈಗ ಎರಡು ವರ್ಷದಿಂದ ಕಸ ಬೀಳುತ್ತಿಲ್ಲ. ಹೇಗೆ ಮಾಡಿದಿರಿ ಎಂದು ಅಕ್ಕಪಕ್ಕದ ಬೀದಿಯವರು ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಪೊರಕೆ ಹಿಡಿಯಬೇಡಿ. ನಾವು ಮಾಡಿದ ತಪ್ಪು ಅದೇ. ಒಂದು ಭಾನುವಾರ ಹನ್ನೆರಡು ಜನ ಸೇರಿ ಗುಡಿಸಿ, ಸಾರಿಸಿ, ರಂಗೋಲಿ ಬಿಟ್ಟು, ಸಂತೋಷದಿಂದ ಫೋಟೋ ತೆಗೆಸಿಕೊಂಡೆವು. ಬುಧವಾರ ಬೆಳಿಗ್ಗೆ ಆ ರಂಗೋಲಿಯ ಮೇಲೇ ಏಳು ಕವರ್ ಬಿದ್ದಿದ್ದವು. ಅಂದು ಅಲ್ಲಿ ನಿಂತು ನನಗೆ ಅಳುವೇ ಬಂತು. ಆಮೇಲೆ ಹೊಳೆಯಿತು: ಕಸ ಯಾರದು, ಯಾವ ಹೊತ್ತಿಗೆ ಬರುತ್ತದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಆದ್ದರಿಂದ ಒಂದು ವಾರ ಬರೀ ನೋಡಿ. ಎದುರು ಮನೆಯ ಜಗಲಿಯ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ, ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ನಾವು ಮೂವರು ಸರದಿಯಲ್ಲಿ ಕೂತೆವು. ಹೆಸರು ಬರೆಯಲಿಲ್ಲ. ಹೊತ್ತು ಮತ್ತು ಏನು ಬಿತ್ತು, ಅಷ್ಟೇ. ಒಂದು ವಾರದಲ್ಲಿ ನನ್ನ ಎಷ್ಟೋ ವರ್ಷದ ಸಿಟ್ಟು ಇಳಿಯಿತು. ಬೆಳಿಗ್ಗೆ ಆರೂವರೆಗೆ ಕವರ್ ಇಡುತ್ತಿದ್ದವರು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ರಾತ್ರಿ ಹತ್ತಕ್ಕೆ ಬರುತ್ತಿದ್ದವರು ಪಿಜಿ ಹುಡುಗರು. ಕಸದ ಆಟೋ ಯಾವಾಗ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಳನೀರಿನ ಗಾಡಿಯವನು ಬುರುಡೆಗಳನ್ನು ಅಲ್ಲೇ ಸುರಿಯುತ್ತಿದ್ದ. ಬೇರೆ ಕಡೆಯಿಂದ ಸ್ಕೂಟರಿನಲ್ಲಿ ಬಂದು ಎಸೆದು ಹೋಗುವವರು ಇಡೀ ವಾರಕ್ಕೆ ನಾಲ್ಕೇ ಜನ. ನಾವೆಲ್ಲ ಬೈಯುತ್ತಿದ್ದುದು ಅವರನ್ನೇ.

ಇನ್ನೊಂದು ಸಂಗತಿಯನ್ನು ನಾನು ಊಹಿಸಿಯೇ ಇರಲಿಲ್ಲ. ರಸ್ತೆ ಗುಡಿಸಿದ ಕಸವನ್ನು ಪೌರಕಾರ್ಮಿಕರು ಅಲ್ಲಿಯೇ ಗುಪ್ಪೆ ಮಾಡಿ ಗಾಡಿಗೆ ಕಾಯುತ್ತಿದ್ದರು. ಅವರಿಗೆ ಬೇರೆ ಜಾಗ ತೋರಿಸಿದವರಿಲ್ಲ. ಬೆಳಿಗ್ಗೆ ಏಳಕ್ಕೆ ಅಲ್ಲೊಂದು ಗುಪ್ಪೆ ಕಂಡರೆ, ಏಳೂಕಾಲಿಗೆ ಅದರ ಮೇಲೆ ಒಂದು ಕವರ್ ಬೀಳುತ್ತದೆ. ನಿಮ್ಮ ಬೀದಿಯಲ್ಲೂ ಹೀಗಿದೆಯೇ ಅನ್ನುವುದನ್ನೇ ಎಲ್ಲಕ್ಕಿಂತ ಮೊದಲು ನೋಡಿ.

ಇನ್ನು ಮಾತು. ಇದಕ್ಕೆ ಹೋಗುವಾಗ ಕಸದ ವಿಷಯ ಎತ್ತಬೇಡಿ, ಕಷ್ಟ ಏನೆಂದು ಕೇಳಿ. ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದು: “ಟೀಚರಮ್ಮ, ಆಟೋ ಎಂಟಕ್ಕೆ ಬರುತ್ತೆ. ಅಷ್ಟೊತ್ತಿಗೆ ನಾನು ಮಿಷಿನ್ ಮುಂದೆ ಕೂತಿರ್ತೀನಿ. ಕಸ ಒಳಗಿಟ್ಟು ಬೀಗ ಹಾಕಿದ್ರೆ ಸಾಯಂಕಾಲಕ್ಕೆ ಮನೆಯೆಲ್ಲಾ ನಾತ. ನೀವೇ ಹೇಳಿ, ಏನ್ ಮಾಡ್ಲಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನದಿಂದ ನಮ್ಮ ಗೇಟಿನ ಒಳಗೆ ಮುಚ್ಚಳದ ಎರಡು ಬಕೆಟ್ ಇಟ್ಟೆ. ಅಂಥ ಆರು ಮನೆಯವರು ಹೋಗುವಾಗ ಅದರಲ್ಲಿ ಹಾಕಿ ಹೋಗುತ್ತಾರೆ, ಆಟೋ ಬಂದಾಗ ನಾನು ಕೊಡುತ್ತೇನೆ. ದಿನಕ್ಕೆ ಐದು ನಿಮಿಷದ ಕೆಲಸ. ನಮ್ಮ ಮೂಲೆಯ ಅರ್ಧ ಕಸ ನಿಂತದ್ದು ಈ ಎರಡು ಬಕೆಟ್‌ನಿಂದ.

ಪಿಜಿ ನಡೆಸುವವರಿಗೆ ಆಟೋ ಬರುವ ಸಮಯವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಮೆಟ್ಟಿಲ ಹತ್ತಿರ ಅಂಟಿಸಲು ಕೊಟ್ಟೆವು. ಎಳನೀರಿನವನಿಗೆ ಗೋಣಿಚೀಲ ಕೊಟ್ಟು, ಬುರುಡೆ ತುಂಬಿಟ್ಟರೆ ಬೆಳಿಗ್ಗೆ ಗಾಡಿಗೆ ಹಾಕಿಸುವುದು ನಮ್ಮ ಜವಾಬ್ದಾರಿ ಎಂದೆವು, ಒಪ್ಪಿದ. ಪೌರಕಾರ್ಮಿಕರ ಮೇಸ್ತ್ರಿಯವರ ಜೊತೆ ಮಾತಾಡಲು ಎರಡು ಬೆಳಿಗ್ಗೆ ಬೇಕಾಯಿತು. ಗುಡಿಸಿದ ಕಸವನ್ನು ನೆಲಕ್ಕೆ ಸುರಿಯದೆ ಚೀಲಕ್ಕೆ ತುಂಬಿಡಬಹುದೇ ಎಂದು ಕೇಳಿದೆ. “ಚೀಲ ಯಾರು ಕೊಡ್ತಾರೆ ಮೇಡಂ?” ಅಂದರು. ಅಕ್ಕಿ ಮಂಡಿಯಿಂದ ಹಳೆಯ ಚೀಲ ತಂದುಕೊಟ್ಟೆವು. ಗುಡಿಸುವ ಹೆಣ್ಣುಮಕ್ಕಳಿಗೆ ಕುಡಿಯುವ ನೀರಿಗೂ ಶೌಚಾಲಯಕ್ಕೂ ನಮ್ಮ ಬೀದಿಯ ಎರಡು ಮನೆ ಬಾಗಿಲು ತೆರೆದವು. ಇದು ಎಂದೋ ಆಗಬೇಕಿತ್ತು. ವರ್ಷಗಟ್ಟಲೆ ನಮ್ಮ ಬಾಗಿಲ ಮುಂದೆ ಗುಡಿಸಿದವರಿಗೆ ನಾವು ಒಂದು ಲೋಟ ನೀರು ಕೊಟ್ಟಿರಲಿಲ್ಲ.

ಇಷ್ಟಾದ ಮೇಲೆ ಗುಡ್ಡೆ ತೆಗೆಯುವ ದಿನ. ಕಸ ಸಾಗಿಸುವ ಗಾಡಿ ಖಚಿತವಾಗದೆ ದಿನ ಗೊತ್ತು ಮಾಡಬೇಡಿ. ಎತ್ತಿದ ಕಸ ರಸ್ತೆ ಮಧ್ಯೆ ಕೂತರೆ ಪಾಡಲ್ಲ. ಸಲಿಕೆ, ಗುದ್ದಲಿ, ನಾಲ್ಕು ಬಾಂಡ್ಲಿ, ತೆಂಗಿನಕಡ್ಡಿ ಪೊರಕೆ ಬೇಕು. ಕೈಗೆ ತೆಳು ಗ್ಲೌಸ್ ಸಾಲದು, ಗಾರೆ ಕೆಲಸದವರು ಹಾಕುವ ದಪ್ಪ ರಬ್ಬರಿನದು ತನ್ನಿ. ಕಾಲಿಗೆ ಶೂ, ಚಪ್ಪಲಿ ಬೇಡ. ಒಡೆದ ಬಾಟಲಿ, ಬ್ಲೇಡು, ಸೂಜಿ ಸಿಕ್ಕೇ ಸಿಗುತ್ತವೆ. ಅವನ್ನು ಹಳೆಯ ಬಣ್ಣದ ಡಬ್ಬಿಗೆ ಹಾಕಿ ಮುಚ್ಚಿ ಬೇರೆಯಾಗಿ ಕೊಡಿ. ಮಕ್ಕಳನ್ನು ಅಂದು ಕರೆಯಬೇಡಿ, ಗಿಡ ನೆಡುವ ದಿನ ಕರೆಯಿರಿ.

ಟ್ರಾನ್ಸ್‌ಫಾರ್ಮರ್ ಬೇಲಿಯ ಒಳಗೆ ಕೈ ಹಾಕಬೇಡಿ, ಅದರ ಸುತ್ತ ನೀರು ಚೆಲ್ಲಬೇಡಿ. ಒಳಗೆ ಒಣಗಿದ ಎಲೆ, ಪ್ಲಾಸ್ಟಿಕ್ ಇದ್ದರೆ ಬೆಂಕಿ ಹತ್ತುವ ಅಪಾಯ ನಿಜ, ಆದರೆ ತೆಗೆಯಬೇಕಾದವರು ಬೆಸ್ಕಾಂನವರು. 1912ಕ್ಕೆ ಫೋನ್ ಮಾಡಿ ದೂರು ಬರೆಸಿ. ಗುಡಿಸಿದ ನೆಲಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿದರೆ ಸಾಕು. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಎದೆ ಕಟ್ಟುತ್ತದೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಮಾತಿದು.

ಗೋಡೆಯ ಕೆಳಗಿನ ನಾಲ್ಕಡಿಗೆ ಕೆಮ್ಮಣ್ಣಿನ ಬಣ್ಣ, ಮೇಲೆ ಬಿಳಿ ಬಳಿದೆವು. ಕೆಮ್ಮಣ್ಣಿನ ಮೇಲೆ ಎಲೆಅಡಿಕೆ ಉಗುಳಿದ ಕಲೆ, ಕೆಸರು ಎದ್ದು ಕಾಣುವುದಿಲ್ಲ. ದೇವಸ್ಥಾನದ ಗೋಡೆಯ ಪಟ್ಟೆ ನೋಡಿ ಬೆಳೆದ ಕಣ್ಣಿಗೆ ಅದು ಕಸ ಹಾಕುವ ಜಾಗವಾಗಿಯೂ ಕಾಣುವುದಿಲ್ಲ. ದೇವರ ಚಿತ್ರದ ಟೈಲ್ಸ್ ಅಂಟಿಸೋಣ ಅಂದವರಿದ್ದರು. ನಾನು ಬೇಡವೆಂದೆ, ಈಗಲೂ ಬೇಡವೆನ್ನುತ್ತೇನೆ. ದೇವರಿಗೆ ಹೆದರಿದವರು ಹತ್ತಡಿ ಆಚೆ ಹೋಗಿ ಸುರಿಯುತ್ತಾರೆ. ಆ ಹತ್ತಡಿ ಆಚೆ ಯಾರದೋ ಬಾಗಿಲು ಇರುತ್ತದೆ. ಅದರ ಬದಲು ಒಂದು ಕಲ್ಲಿನ ಬೆಂಚು ಹಾಕಿಸಿ. ಸಂಜೆ ನಾಲ್ಕು ಜನ ಹಿರಿಯರು ಕೂತ ಜಾಗಕ್ಕೆ ಕವರ್ ಎಸೆಯಲು ಯಾರಿಗೂ ಕೈ ಬಾರದು.

ಕಾವಲು ಶುರುವಾಗುವುದು ಆಮೇಲೆ. ನಾವು ನಲವತ್ತು ದಿನ ಕಾದೆವು. ಒಂದು ಕವರ್ ಬಿದ್ದರೂ ಅರ್ಧ ಗಂಟೆಯೊಳಗೆ ಎತ್ತಬೇಕು, ಯಾಕೆಂದರೆ ಎರಡನೆಯದನ್ನು ಕರೆಯುವುದು ಆ ಮೊದಲನೆಯದೇ. ಸ್ಕೂಟರಿನವರನ್ನು ತಡೆದು, “ಅಣ್ಣ, ಇಲ್ಲಿ ಈಗ ಹಾಕ್ತಿಲ್ಲ, ವಾಪಸ್ ತಗೊಂಡು ಹೋಗಿ” ಅಂದರೆ ಸಾಕು. ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ನಾಚಿಕೆಪಟ್ಟವರು ರಾತ್ರಿ ಎರಡು ಗಂಟೆಗೆ ಬಂದು ಹಾಕುತ್ತಾರೆ.

ಬೇರ್ಪಡಿಸುವ ಮಾತನ್ನು ನಾವು ಮೂಲೆ ಶುಚಿಯಾದ ಮೇಲೆ ಎತ್ತಿದೆವು. 2015ರ ಡಿಸೆಂಬರಿನಲ್ಲೇ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲ ಎಂದು ಹೇಳಿದೆ: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ನಂಥದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಿಯಮ ಅಂದರೆ ಯಾರೂ ಕಿವಿಗೊಡುವುದಿಲ್ಲ. ನಾನು ಮಂಡೂರಿನ ಕತೆ ಹೇಳುತ್ತೇನೆ. ನಾವು ಬೆರೆಸಿ ಕೊಟ್ಟ ಕಸ ವರ್ಷಗಟ್ಟಲೆ ಆ ಹಳ್ಳಿಯ ಪಕ್ಕ ರಾಶಿಯಾಯಿತು. ನಾತ, ನೊಣ, ಕೆಟ್ಟ ನೀರು ತಾಳಲಾರದೆ 2014ರಲ್ಲಿ ಅಲ್ಲಿಯ ಜನ ಲಾರಿಗಳನ್ನು ತಡೆದು ಹೋರಾಡಿದರು. ಇದನ್ನು ಕೇಳಿದ ಮೇಲೆ ಮುಸುರೆ ಮೆತ್ತಿದ ಹಾಲಿನ ಕವರನ್ನು ತೊಳೆದು ಒಣಗಿಸಿ ಇಡುವ ಮನೆಗಳು ಹೆಚ್ಚಾದವು.

ಒಣಗಿದ ಎಲೆ ಸುಡಬೇಡಿ. ಕಬ್ಬಿಣದ ಜಾಲರಿಯನ್ನು ದುಂಡಗೆ ಸುತ್ತಿ ಒಂದು ಗೂಡು ಮಾಡಿ, ಎಲೆ ತುಂಬಿ, ಆಗಾಗ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ ತೇವವಾಗಿಡಿ. ಕೆಲವು ತಿಂಗಳಿಗೆ ಅಡಿಯಲ್ಲಿ ಕಪ್ಪು ಗೊಬ್ಬರ. ನಮ್ಮ ಬೆಂಚಿನ ಪಕ್ಕದ ಕುಂಡಗಳಿಗೆ ಅದೇ.

ಅಶ್ವತ್ಥಕಟ್ಟೆಯ ಬುಡದಲ್ಲಿ ಬಿಟ್ಟುಹೋಗುವ ಒಡೆದ ದೇವರ ಪಟಗಳನ್ನು ನಮ್ಮ ಬೀದಿಯ ಒಬ್ಬ ಬಡಗಿ ತಿಂಗಳಿಗೊಮ್ಮೆ ಬಿಚ್ಚುತ್ತಾರೆ. ಗಾಜು ಬೇರೆ, ಮರದ ಚೌಕಟ್ಟು ಬೇರೆ. ಚಿತ್ರದ ಕಾಗದವನ್ನು ನೀರಲ್ಲಿ ನೆನೆಸಿ ಗಿಡದ ಬುಡಕ್ಕೆ ಹಾಕುತ್ತಾರೆ. ಯಾರ ಮನಸ್ಸಿಗೂ ನೋವಾಗಿಲ್ಲ. ಆಯುಧಪೂಜೆಯ ಮರುದಿನ ಮಾತ್ರ ತಪ್ಪಿಸಬೇಡಿ: ಬೆಳಿಗ್ಗೆ ಆರಕ್ಕೇ ಎರಡು ಬಕೆಟ್ ಹಿಡಿದು ಹೊರಡಿ. ಒಡೆದ ಬೂದುಗುಂಬಳದ ಮೇಲೆ ಬೈಕ್ ಜಾರಿ ಬೀಳುವ ಮೊದಲೇ ರಸ್ತೆ ತೆರವಾಗಬೇಕು.